ಶಾಲೆಯ ಗುಂಟೆ ಹೊಲ: ವಿದ್ಯಾರ್ಥಿಗಳಿಗೆ ಬೇಸಾಯವನ್ನೂ ಅದರ ಲೆಕ್ಕವನ್ನೂ ಕಲಿಸುವ ಕ್ರಮ

ರೈತನ ಮಗನಿಗೆ ಬೇಸಾಯವನ್ನು ಶಾಲೆಯಲ್ಲಿ ಕಲಿಸತಕ್ಕದ್ದೇನಿದೆ ಎಂಬ ಆಕ್ಷೇಪಣೆಯು ಗ್ರಾಮಗಳಲ್ಲಿ ಅನೇಕಾವೃತ್ತಿ ಕೇಳಿಬರುವುದುಂಟು. ಮೇಣಿ ಹಿಡಿಯುವುದನ್ನೂ, ಕೂರಿಗೆಯ ಹಿಂದೆ ನಡೆದು ಕಾಳು ಬಿಡುವುದನ್ನೂ, ಕಳೆಗೂ ಪೈರಿಗೂ ಇರುವ ಭೇದವನ್ನೂ ಹುಡುಗನು ತಂದೆಯ ಬಳಿಯಲ್ಲಿಯೇ ಕಲಿತುಕೊಳ್ಳುವನೆಂದೂ, ಉಪಾಧ್ಯಾಯರು ಅವನಿಗೆ ಅಕ್ಷರವನ್ನೂ ಲೆಕ್ಕವನ್ನೂ ಹೇಳಿಕೊಟ್ಟರೆ ಸಾಕೆಂದೂ ಹಿರಿಯರ ಅಭಿಪ್ರಾಯ. ಈ ಮಾತಿನಲ್ಲಿ ಅರ್ಧ ಭಾಗ ನಿಜವಿದೆ. ಮಿಕ್ಕ ಅರ್ಧವನ್ನು ಪರೀಕ್ಷಿಸುವುದಕ್ಕೆ ಒಂದು ಸುಲಭವಾದ ಉಪಾಯವುಂಟು. ಕಳೆದ ವರ್ಷ ಒಂದು ಎಕರೆ ರಾಗಿಗೆ ಒಟ್ಟು ಎಷ್ಟು ಖರ್ಚು ಬಿದ್ದಿತೆಂದು ಗ್ರಾಮದ ಯಾವನಾದರೂ ಒಬ್ಬ ಒಕ್ಕಲಿಗನನ್ನು ಕೇಳಿ ನೋಡಬಹುದು. ಬೀಜಕ್ಕೂ ಸರಕು ಗೊಬ್ಬರಕ್ಕೂ ಟ್ರಾಕ್ಟರಿನ ಬಾಡಿಗೆಗೂ ಕೊಟ್ಟ ಹಣವನ್ನು ಅವನು ಕೂಡಲೇ ಹೇಳುವನು. ಮನೆಯವರ ದುಡಿಮೆ, ಎತ್ತುಗಳ ಮೇವು, ತಿಪ್ಪೆಯಿಂದ ಹೊತ್ತು ಹಾಕಿದ ಗೊಬ್ಬರ, ಭೂಮಿಯನ್ನು ಇನ್ನೊಬ್ಬರಿಗೆ ಗುತ್ತಿಗೆಗೆ ಕೊಟ್ಟಿದ್ದರೆ ಬರಬಹುದಾಗಿದ್ದ ಹಣ, ಇವುಗಳು ಅವನ ಲೆಕ್ಕಕ್ಕೆ ಬಂದಿರುವುದಿಲ್ಲ. ಲಾಭವಾಯಿತೋ ನಷ್ಟವಾಯಿತೋ ಎಂಬುದನ್ನು ಅವನು ಕೈಯಲ್ಲಿ ಉಳಿದ ಹಣವನ್ನು ನೋಡಿ ಹೇಳುವನೇ ಹೊರತು, ಬರೆದಿಟ್ಟ ಪುಸ್ತಕವನ್ನು ನೋಡಿ ಹೇಳುವುದಿಲ್ಲ.

ತಂದೆಯು ತನಗೇ ತಿಳಿಯದ್ದನ್ನು ಮಗನಿಗೆ ಕಲಿಸುವುದಾದರೂ ಹೇಗೆ? ಬೇಸಾಯದಲ್ಲಿ ಏನೂ ಇಲ್ಲವೆಂದು ಹೇಳಿ ಪಟ್ಟಣಕ್ಕೆ ಹೊರಟುಹೋಗುವ ತರುಣರಲ್ಲಿ ಎಷ್ಟು ಮಂದಿ ಆ ಮಾತನ್ನು ಲೆಕ್ಕ ಹಾಕಿ ಹೇಳುತ್ತಾರೆಂಬುದು ಅನುಮಾನವೇ ಸರಿ. ಏನೂ ಇಲ್ಲವೆಂಬುದು ಕೆಲವು ಬೆಳೆಗಳ ವಿಷಯದಲ್ಲಿ ನಿಜವಾಗಿದ್ದರೂ ಇರಬಹುದು. ಆದರೆ ಯಾವ ಬೆಳೆಯಲ್ಲಿ ಇಲ್ಲ, ಯಾವುದರಲ್ಲಿ ಉಂಟು, ಎಷ್ಟು ಉಂಟು ಎಂಬುದನ್ನು ತಿಳಿಯದೆ ಭೂಮಿಯನ್ನು ಬಿಟ್ಟವನಿಗೂ ತಿಳಿಯದೆ ಉತ್ತುಕೊಂಡಿರುವವನಿಗೂ ಹೆಚ್ಚಿನ ವ್ಯತ್ಯಾಸವಿಲ್ಲ. ಶಾಲೆಯಲ್ಲಿ ಕಲಿಸತಕ್ಕದ್ದು ಈ ಲೆಕ್ಕವನ್ನು. ಅದನ್ನು ಕರಿಹಲಗೆಯ ಮೇಲೆ ಕಲಿಸಲು ಸಾಧ್ಯವಿಲ್ಲವಾದ್ದರಿಂದಲೇ ಶಾಲೆಗೆ ಹೊಲವು ಅವಶ್ಯವಾಗಿರುತ್ತದೆ.

ಜೋಳದ ಸಂಘಗಳು

ಈ ಕ್ರಮವು ಅಮೆರಿಕಾ ದೇಶದಲ್ಲಿ ಬೆಳೆದುಬಂದ ರೀತಿಯನ್ನು ತಿಳಿಯುವುದು ಉಪಯುಕ್ತವಾಗಿದೆ. ಇಲಿನಾಯ್ ಸಂಸ್ಥಾನದ ಮಕೂಪಿನ್ ಕೌಂಟಿಯಲ್ಲಿ ವಿಲ್ ಆಟ್‌ವೆಲ್ ಎಂಬವರು ರೈತರ ಸಭೆಗಳನ್ನು ಏರ್ಪಡಿಸುತ್ತಿದ್ದರು. ಸಭೆಗೆ ಜನರು ಬರುತ್ತಿರಲಿಲ್ಲ. ಆದಕಾರಣ 1899 ರ ಸುಮಾರಿನಲ್ಲಿ ಅವರು ತಂದೆಯರನ್ನು ಕರೆಯುವುದನ್ನು ಬಿಟ್ಟು, ಒಳ್ಳೆಯ ಮುಸುಕಿನ ಜೋಳದ ಬೀಜವನ್ನು ಹುಡುಗರಿಗೆ ಹಂಚಿ, ಬೆಳೆದ ತೆನೆಗಳನ್ನು ಮುಂದಿನ ಸಭೆಗೆ ತಂದವರಿಗೆ ಬಹುಮಾನ ಕೊಡುವುದಾಗಿ ಪ್ರಕಟಿಸಿದರು. ಹುಡುಗರು ತೆನೆಗಳನ್ನು ಹಿಡಿದು ಬಂದರು. ಅವರ ಹಿಂದೆ ತಂದೆಯರೂ ಬಂದರು. ಸಭೆ ತುಂಬಿತು. ಒಹಾಯೊ ಸಂಸ್ಥಾನದ ಸ್ಪ್ರಿಂಗ್‌ಫೀಲ್ಡಿನಲ್ಲಿ ಶಾಲಾ ಮೇಲ್ವಿಚಾರಕರಾಗಿದ್ದ ಎ. ಬಿ. ಗ್ರಹಾಮ್ ಎಂಬವರು 1902 ರ ಜನವರಿಯಲ್ಲಿ ಬಾಲಕ ಬಾಲಿಕೆಯರ ಸಂಘವನ್ನು ಸ್ಥಾಪಿಸಿದರು. ಮಿಸಿಸಿಪಿಯ ಹೋಮ್ಸ್ ಕೌಂಟಿಯಲ್ಲಿ 1907 ರಲ್ಲಿ ಜೋಳದ ಸಂಘವು ಏರ್ಪಟ್ಟಿತು. ದಕ್ಷಿಣ ಕ್ಯಾರೊಲಿನಾದ ಏಕೆನ್ ಕೌಂಟಿಯಲ್ಲಿ ಮೇರಿ ಕ್ರೋಮರ್ ಎಂಬ ಉಪಾಧ್ಯಾಯಿನಿಯು, ಹುಡುಗರಿಗೆ ಮಾತ್ರ ಏಕೆ ಸಂಘವೆಂದು ಯೋಚಿಸಿ, 1910 ರಲ್ಲಿ ಹುಡುಗಿಯರ ಟೊಮಾಟೊ ಸಂಘವನ್ನು ತೆರೆದರು. ಒಬ್ಬೊಬ್ಬ ಹುಡುಗಿಗೆ ಎಕರೆಯ ಹತ್ತನೆಯ ಒಂದು ಭಾಗ, ಎಂದರೆ 4 ಗುಂಟೆ ನೆಲ. ಹಣ್ಣನ್ನು ಬೆಳೆಯುವುದಲ್ಲದೆ ಅದನ್ನು ಡಬ್ಬಗಳಲ್ಲಿ ತುಂಬಿ ಕೆಡದಂತೆ ಭದ್ರಪಡಿಸಿ ಮಾರುವುದೂ ಅವರ ಪಾಠಕ್ಕೆ ಸೇರಿದ್ದಿತು.

1910 ರಲ್ಲಿ ಅದೇ ದಕ್ಷಿಣ ಕ್ಯಾರೊಲಿನಾದ ಜೆರ್ರಿ ಮೂರ್ ಎಂಬ ಬಾಲಕನು ಒಂದು ಎಕರೆಯಲ್ಲಿ 228¾ ಬುಷೆಲ್ ಜೋಳವನ್ನು ಬೆಳೆದನು. ಒಂದು ಬುಷೆಲ್ ಜೋಳವು ಸುಮಾರು 25.4 ಕಿಲೋ ತೂಗುವುದರಿಂದ ಇದು 58 ಕ್ವಿಂಟಾಲಿಗೆ ಸಮನಾಯಿತು. ಆ ಕಾಲಕ್ಕೆ ಇದೊಂದು ಅದ್ಭುತವೆಂದೇ ಹೇಳಬೇಕು. ಆದರೆ ವಾಚಕರು ಗಮನಿಸತಕ್ಕದ್ದು ಈ ಅಂಕಿಗಿಂತಲೂ ಸಂಘಗಳು ಬಹುಮಾನವನ್ನು ನಿರ್ಣಯಿಸುತ್ತಿದ್ದ ವಿಧಾನವನ್ನು. ನೂರು ಗುಣಗಳಲ್ಲಿ ಇಳುವರಿಗೆ 30. ಆರಿಸಿ ತಂದ 10 ತೆನೆಗಳ ಅಂದಕ್ಕೆ 20. ಬೆಳೆಯನ್ನು ಹೇಗೆ ಬೆಳೆದನೆಂದು ಹುಡುಗನೇ ಬರೆದ ವೃತ್ತಾಂತಕ್ಕೆ 20. ಲೆಕ್ಕದಲ್ಲಿ ತೋರಿಸಿದ ಲಾಭಕ್ಕೆ 30. ಲಾಭವನ್ನು ಕಂಡುಹಿಡಿಯುವಾಗ ಭೂಮಿಯ ಗುತ್ತಿಗೆಯನ್ನೂ ಹುಡುಗನ ಸ್ವಂತ ದುಡಿಮೆಯನ್ನೂ ಕುದುರೆಯ ದುಡಿಮೆಯನ್ನೂ ಗೊತ್ತುಮಾಡಿದ ದರದಲ್ಲಿ ಖರ್ಚಿಗೆ ಹಾಕಲೇಬೇಕಾಗಿದ್ದಿತು. ಗೊಬ್ಬರವನ್ನು ಮಿತಿಮೀರಿ ಸುರಿದು ರಾಶಿಯನ್ನು ದೊಡ್ಡದು ಮಾಡಿದವನು ಇಳುವರಿಯ 30 ಗುಣಗಳನ್ನು ಪಡೆದರೂ ಲಾಭದ 30 ರಲ್ಲಿ ಸೋಲುತ್ತಿದ್ದನು. ಈ ದೇಶದ ಬೆಳೆ ಸ್ಪರ್ಧೆಗಳಲ್ಲಿ ರಾಶಿಯನ್ನು ಮಾತ್ರ ತೂಗುವ ಪದ್ಧತಿಯು ಬಹುಕಾಲದಿಂದ ಬಂದಿದೆ. ಶಾಲೆಗಳಲ್ಲಾದರೂ ಅದನ್ನು ಅನುಸರಿಸದೆ ಇರುವುದು ಮೇಲು.

ಮ್ಯಾಸಚೂಸೆಟ್ಸಿನ ನಾರ್ಥಾಂಪ್ಟನ್ ಎಂಬ ಊರಿನಲ್ಲಿ 1908 ರಲ್ಲಿ ಪ್ರಾರಂಭವಾದ ಸ್ಮಿತ್ ವ್ಯವಸಾಯ ಶಾಲೆಯ ಮುಖ್ಯಸ್ಥರಾದ ರೂಫಸ್ ಸ್ಟಿಮ್‌ಸನ್ ಎಂಬವರು ಇನ್ನೂ ಒಂದು ಹೆಜ್ಜೆ ಮುಂದೆ ಹೋದರು. ಶಾಲೆಯ ಹೊಲದಲ್ಲಿ ಹುಡುಗನು ಇನ್ನೊಬ್ಬರ ಅಪ್ಪಣೆಯಂತೆ ದುಡಿಯುವನು. ನಷ್ಟವಾದರೆ ಅದು ಅವನ ನಷ್ಟವಲ್ಲ. ಆದಕಾರಣ ಪಾಠವನ್ನು ಶಾಲೆಯಲ್ಲಿ ಹೇಳಿ, ಕೆಲಸವನ್ನು ಹುಡುಗನ ಮನೆಯ ಹೊಲದಲ್ಲಿ ಅವನದೇ ಹೊಣೆಯ ಮೇಲೆ ಮಾಡಿಸಿ, ಉಪಾಧ್ಯಾಯರು ಅಲ್ಲಿಗೇ ಹೋಗಿ ನೋಡತಕ್ಕದ್ದೆಂದು ಅವರು ಏರ್ಪಡಿಸಿದರು. 1917 ರ ಸ್ಮಿತ್-ಹ್ಯೂಸ್ ಕಾನೂನು, ಸರ್ಕಾರದ ಸಹಾಯದಿಂದ ನಡೆಯುವ ವ್ಯವಸಾಯ ತರಗತಿಗಳ ವಿದ್ಯಾರ್ಥಿಗಳು ವರ್ಷಕ್ಕೆ ಕನಿಷ್ಠ 6 ತಿಂಗಳು ಮೇಲ್ವಿಚಾರಣೆಯಲ್ಲಿ ಕೈಗೆಲಸ ಮಾಡಬೇಕೆಂದು ವಿಧಿಸಿತು. 1928 ರಲ್ಲಿ ಕಾನ್ಸಾಸ್ ಸಿಟಿಯಲ್ಲಿ ಇಂತಹ ವಿದ್ಯಾರ್ಥಿಗಳ ರಾಷ್ಟ್ರೀಯ ಸಂಘವು ಸ್ಥಾಪಿತವಾಯಿತು; ಅದು ಹುಡುಗಿಯರನ್ನು ಸದಸ್ಯರನ್ನಾಗಿ ಸೇರಿಸಿಕೊಳ್ಳಲು ಒಪ್ಪಿದ್ದು 1969 ರಲ್ಲಿ.

ಸ್ಟಿಮ್‌ಸನ್ನರ ಕ್ರಮದಲ್ಲಿ ಒಂದು ತೊಡಕಿದೆ. ಮನೆಯಲ್ಲಿ ಹೊಲವಿಲ್ಲದ ಮಗುವಿನ ಗತಿಯೇನು? ಕರ್ನಾಟಕದ ಯಾವ ಗ್ರಾಮದ ಶಾಲೆಯಲ್ಲಿ ನೋಡಿದರೂ ಕೂಲಿಯಿಂದ ಜೀವಿಸುವವರ ಮಕ್ಕಳು ಇದ್ದೇ ಇರುವರು. ಭೂಮಿಯುಳ್ಳವರ ಮಕ್ಕಳಿಗೆ ಮಾತ್ರ ಬೇಸಾಯದ ಲೆಕ್ಕವನ್ನು ಕಲಿಸಿ, ಉಳಿದವರನ್ನು ಬದುವಿನ ಮೇಲೆ ಕೂರಿಸುವ ಪಾಠವನ್ನು ಪ್ರಾರಂಭಿಸುವುದಕ್ಕಿಂತ ಪ್ರಾರಂಭಿಸದೆ ಇರುವುದೇ ಲೇಸು. ಈ ಕಾರಣದಿಂದಲೇ ಇಲ್ಲಿ ಶಾಲೆಯ ವಶದಲ್ಲಿರುವ ನೆಲವು ಬೇಕಾಗುತ್ತದೆ. ಅದನ್ನು ಗುಂಟೆಗಳಾಗಿ ಹಂಚಿ, ಹಂಚಿದ ಮೇಲೆ ಆ ಗುಂಟೆಯ ಹೊಣೆಯೂ ಲಾಭವೂ ಮಕ್ಕಳದೇ ಆಗಿರತಕ್ಕದ್ದು.

ಈ ದೇಶದಲ್ಲಿ ನಡೆದ ಪ್ರಯತ್ನಗಳು

ಹೆಬ್ಬಾಳದಲ್ಲಿ ಡಾಕ್ಟರ್ ಲೆಸ್ಲಿ ಕೋಲ್ಮನ್ ಅವರ ಕಾಲದಲ್ಲಿ, 1913 ರಲ್ಲಿ, ವ್ಯವಸಾಯ ಶಾಲೆಯು ತೆರೆಯಲ್ಪಟ್ಟಿತು. ಅದು 1946 ರಲ್ಲಿ ಕಾಲೇಜಾಯಿತು. ಮುಂಬಯಿ ಪ್ರಾಂತದಲ್ಲಿ ಪೂನಾದ ಬಳಿಯ ಲೋಣಿಯಲ್ಲಿ ರೈತರ ಮಕ್ಕಳಿಗಾಗಿಯೇ ಪ್ರತ್ಯೇಕವಾದ ವಸತಿ ಶಾಲೆಯು ಏರ್ಪಟ್ಟಿತು. ಹಾವೇರಿಯ ಬಳಿಯ ದೇವಿಹೊಸೂರಿನ ಶಾಲೆಯೂ ಆ ಮಾದರಿಯದೇ. ಪಂಜಾಬಿನಲ್ಲಿಯಾದರೋ ಪ್ರತ್ಯೇಕ ಶಾಲೆಗಳನ್ನು ಕಟ್ಟದೆ, ಇದ್ದ ಮಾಧ್ಯಮಿಕ ಶಾಲೆಗಳಿಗೇ ಹೊಲವನ್ನಾಗಲಿ ತೋಟವನ್ನಾಗಲಿ ಸೇರಿಸಿ, ಉಪಾಧ್ಯಾಯರಿಗೆ ತರಬೇತಿ ಕೊಟ್ಟರು. 1926 ರಲ್ಲಿ ನೇಮಕವಾದ ರಾಯಲ್ ವ್ಯವಸಾಯ ಕಮಿಷನ್ನು 1928 ರ ತನ್ನ ವರದಿಯಲ್ಲಿ ಈ ಎರಡು ಮಾದರಿಗಳನ್ನೂ ತೂಗಿ ನೋಡಿ ಪಂಜಾಬಿನದನ್ನೇ ಮೆಚ್ಚಿತು. ಪ್ರತ್ಯೇಕ ಶಾಲೆಗೆ ಹೋಗಿ ಬರುವವರು ಕೆಲವೇ ಮಂದಿ. ಊರಿನ ಶಾಲೆಗೆ ಎಲ್ಲರ ಮಕ್ಕಳೂ ಬರುವರು.

1937 ರ ಅಕ್ಟೋಬರಿನಲ್ಲಿ ವಾರ್ಧಾದಲ್ಲಿ ಗಾಂಧೀಜಿಯವರ ಅಧ್ಯಕ್ಷತೆಯಲ್ಲಿ ನಡೆದ ಸಮ್ಮೇಳನವೂ, ಅದರ ನಂತರ ಝಾಕಿರ್ ಹುಸೇನರ ಸಮಿತಿಯೂ, ಒಂದು ಕೈಕಸುಬನ್ನು ಕೇಂದ್ರವಾಗಿಟ್ಟುಕೊಂಡು ಎಲ್ಲ ವಿಷಯಗಳನ್ನೂ ಬೋಧಿಸುವ ಮೂಲಶಿಕ್ಷಣದ ಯೋಜನೆಯನ್ನು ಮುಂದಿಟ್ಟವು. ಬೇಸಾಯವೂ ತೋಟಗಾರಿಕೆಯೂ ಆ ಕಸುಬುಗಳಲ್ಲಿ ಸೇರಿದ್ದವು. ಮಕ್ಕಳ ಕೆಲಸದ ಉತ್ಪನ್ನದಿಂದ ಶಾಲೆಯ ಖರ್ಚು ನಡೆಯಬೇಕೆಂಬ ಭಾಗವು ಬಹಳ ವಾದಕ್ಕೆ ಗುರಿಯಾಯಿತು. ವರಮಾನದ ಆಸೆಯಲ್ಲಿ ವಿದ್ಯೆಯು ಬಲಿಯಾಗಬಾರದೆಂದು ಸಮಿತಿಯೇ ಎಚ್ಚರಿಸಿದ್ದಿತು. ಸ್ವಾತಂತ್ರ್ಯಾನಂತರ ಕೊಠಾರಿ ಆಯೋಗವು (1964-66) ಕಾರ್ಯಾನುಭವವನ್ನು ಶಿಫಾರಸು ಮಾಡಿತು. ಅದು ಅನೇಕ ಶಾಲೆಗಳ ವೇಳಾಪಟ್ಟಿಯಲ್ಲಿ ಒಂದು ಅವಧಿಯಾಗಿ ಉಳಿದು, ಆ ಅವಧಿಯಲ್ಲಿ ಗಣಿತದ ಬಾಕಿ ಪಾಠಗಳು ನಡೆದುವೆಂಬುದು ಎಲ್ಲರಿಗೂ ತಿಳಿದ ಸಂಗತಿ. 2019 ರಲ್ಲಿ ಕೇಂದ್ರ ಸರ್ಕಾರವು ಶಾಲಾ ಪೌಷ್ಟಿಕ ಕೈತೋಟಗಳ ಬಗ್ಗೆ ಮಾರ್ಗಸೂಚಿಗಳನ್ನು ಹೊರಡಿಸಿತು. 2020 ರ ರಾಷ್ಟ್ರೀಯ ಶಿಕ್ಷಣ ನೀತಿಯು 6 ರಿಂದ 8 ನೆಯ ತರಗತಿಯವರೆಗಿನ ಮಕ್ಕಳು 10 ದಿನ ಪುಸ್ತಕದ ಚೀಲವಿಲ್ಲದೆ ಊರಿನ ಕಸುಬುದಾರರ ಬಳಿ ಕಲಿಯಬೇಕೆಂದು ಹೇಳಿತು. ಹತ್ತು ದಿನಗಳಲ್ಲಿ ರಾಗಿಯ ಮೊಳಕೆಯನ್ನು ನೋಡಬಹುದು, ತೆನೆಯನ್ನು ನೋಡಲಾಗುವುದಿಲ್ಲ. ಪೈರಿಗೆ ಬೇಕಾದಷ್ಟು ಕಾಲವನ್ನು ಪಾಠಕ್ಕೂ ಕೊಡದಿದ್ದರೆ ಉಳಿಯುವುದು ನೋಟ ಮಾತ್ರ.

ನೆಲವನ್ನು ಗೊತ್ತುಮಾಡುವುದು

ಪ್ರಾರಂಭದ ವರ್ಷಕ್ಕೆ 10 ಗುಂಟೆ, ಎಂದರೆ ಕಾಲು ಎಕರೆ ಸಾಕಾಗುತ್ತದೆ. ಶಾಲೆಗೆ ಸೇರಿದ ನೆಲವಿಲ್ಲದಿದ್ದರೆ ಗ್ರಾಮದ ಭೂಮಾಲೀಕರಲ್ಲೊಬ್ಬರು ಇದನ್ನು ಕೊಡಬೇಕಾಗುವುದು. ಕೊಡುವಾಗ ಸಾಮಾನ್ಯವಾಗಿ ಏನೂ ಬೆಳೆಯದ ಕರಲು ನೆಲವನ್ನೋ ಕಲ್ಲುಗುಡ್ಡದ ಅಂಚನ್ನೋ ಕೊಡುವ ವಾಡಿಕೆಯುಂಟು. ಇದು ದಾನವೂ ಆಗುವುದಿಲ್ಲ, ಪಾಠವೂ ಆಗುವುದಿಲ್ಲ. ಅಂತಹ ನೆಲದಲ್ಲಿ ದುಡಿದ ಮಕ್ಕಳು ಕಲಿಯುವುದು ಬೇಸಾಯವು ವ್ಯರ್ಥವೆಂಬುದನ್ನೇ. ಶಾಲೆಯಿಂದ ನಡೆದು 10 ನಿಮಿಷದೊಳಗೆ ಸೇರಬಹುದಾದ, ಹತ್ತಿರದಲ್ಲಿ ನೀರಿರುವ, ಊರಿನ ಸಾಧಾರಣ ಹೊಲದಂತಹ ಹೊಲವೇ ಬೇಕು. ಬಿಟ್ಟುಕೊಡುವುದನ್ನು ಕನಿಷ್ಠ 5 ವರ್ಷಗಳಿಗೆ ಬರವಣಿಗೆಯಲ್ಲಿ ಗೊತ್ತುಪಡಿಸಿ, ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಯ ದಾಖಲೆಗೆ ಸೇರಿಸತಕ್ಕದ್ದು. ಮೂರು ವರ್ಷ ಗೊಬ್ಬರ ಹಾಕಿ ಮಕ್ಕಳು ಹದಮಾಡಿದ ನೆಲವನ್ನು ನಾಲ್ಕನೆಯ ವರ್ಷ ಮಾಲೀಕರು ಹಿಂದಕ್ಕೆ ತೆಗೆದುಕೊಂಡರೆ, ಆ ಊರಿನಲ್ಲಿ ಪುನಃ ಈ ಕೆಲಸವನ್ನು ಯಾರೂ ಕೈಗೊಳ್ಳುವುದಿಲ್ಲ. ಸುತ್ತಲೂ ದನ ನುಗ್ಗದಂತೆ ಬೇಲಿಯಿರಬೇಕು. ಬೇಲಿಯಿಲ್ಲದ ಶಾಲಾ ತೋಟದ ಆಯುಷ್ಯವು ಊರಿನ ಮೇಕೆಗಳ ಕೈಯಲ್ಲಿರುತ್ತದೆ.

ಒಂದು ಗುಂಟೆಯು 33 ಅಡಿ ಚದರ. ನಾಲ್ಕು ಗೂಟಗಳನ್ನೂ ಹಗ್ಗವನ್ನೂ ಕೊಟ್ಟು ಇದನ್ನು ಮಕ್ಕಳಿಂದಲೇ ಅಳೆಯಿಸಬೇಕು. ಎರಡು ಕರ್ಣಗಳೂ ಸಮವಾಗಿ ಬಾರದಿದ್ದರೆ ಮೂಲೆಗಳು ಸೊಟ್ಟಗಿವೆಯೆಂದು ಅರ್ಥ. ಇದು ಅವರು ಪುಸ್ತಕದಲ್ಲಿ ಓದಿದ ರೇಖಾಗಣಿತವೇ ಆಗಿದ್ದರೂ ಹೊಲದಲ್ಲಿ ಕಂಡಾಗ ಹೊಸದಾಗಿ ತೋರುವುದು. ಒಂದೊಂದು ಗುಂಟೆಗೆ ನಾಲ್ಕೈದು ಮಕ್ಕಳ ಒಂದು ತಂಡವಿರಲಿ. ತಂಡಗಳನ್ನು ಉಪಾಧ್ಯಾಯರು ಚೀಟಿ ಎತ್ತಿ ಏರ್ಪಡಿಸತಕ್ಕದ್ದು. ಕೇರಿಗೊಂದು ತಂಡವಾಗಿ ಮಕ್ಕಳೇ ಕೂಡಿಕೊಳ್ಳುವುದಕ್ಕೆ ಅವಕಾಶ ಕೊಟ್ಟರೆ ಊರಿನ ಬೇಲಿಗಳೆಲ್ಲವೂ ಶಾಲೆಯ ಹೊಲಕ್ಕೂ ಬರುವುವು.

ಪೈರು ಹಾಕುವುದಕ್ಕೆ ಮುಂಚೆ ಮಣ್ಣಿನ ಮಾದರಿಯನ್ನು ತೆಗೆಯುವುದು ಮೊದಲನೆಯ ಪಾಠ. ಹೊಲದಲ್ಲಿ ಅಡ್ಡಾದಿಡ್ಡಿಯಾಗಿ ನಡೆದು 10 ರಿಂದ 15 ಕಡೆ, ಮೇಲಿನ ಕಸವನ್ನು ಸರಿಸಿ, ಅರ್ಧ ಅಡಿ ಆಳದವರೆಗೆ ಇಳಿಜಾರಾದ ಗುಂಡಿ ತೋಡಿ, ಗುಂಡಿಯ ಗೋಡೆಯಿಂದ ಮೇಲಿನಿಂದ ಕೆಳಗಿನವರೆಗೆ ಸಮನಾಗಿ ಮಣ್ಣನ್ನು ಕೆರೆದು ತೆಗೆಯಬೇಕು. ಎಲ್ಲವನ್ನೂ ಬೆರೆಸಿ ಹರಡಿ, ನಾಲ್ಕು ಪಾಲು ಮಾಡಿ, ಎದುರುಬದುರಿನ ಎರಡು ಪಾಲುಗಳನ್ನು ಬಿಡುತ್ತಾ ಅರ್ಧ ಕಿಲೋ ಉಳಿಯುವವರೆಗೆ ಕಡಮೆ ಮಾಡತಕ್ಕದ್ದು. ತಿಪ್ಪೆಯ ಹತ್ತಿರ, ಮರದ ಬುಡ, ಬದುವಿನ ಅಂಚು, ಈ ಸ್ಥಳಗಳ ಮಣ್ಣು ಸೇರಬಾರದು. 2015 ರಿಂದ ರೈತರಿಗೆ ಕೊಡಲ್ಪಡುತ್ತಿರುವ ಮಣ್ಣು ಆರೋಗ್ಯ ಚೀಟಿಯು ಅನೇಕ ಮನೆಗಳಲ್ಲಿ ಪೆಟ್ಟಿಗೆಯ ತಳದಲ್ಲಿದೆ. ಅದನ್ನು ಓದಿ ಹೇಳಬಲ್ಲ ಮಗುವೊಂದು ಮನೆಯಲ್ಲಿದ್ದರೆ ಅದು ಹೊರಗೆ ಬರುವುದು.

ರಾಗಿಯ ಎರಡು ಗುಂಟೆಗಳು

ಮಳೆಯಾಶ್ರಯದ ಸೀಮೆಗೆ ರಾಗಿಗಿಂತ ಒಳ್ಳೆಯ ಪಾಠವಿಲ್ಲ. ಶಾಲೆಯು ಪ್ರಾರಂಭವಾಗುವ ಕಾಲಕ್ಕೆ ಹೊಲ ಹದವಾಗುವುದು, ಮಳೆಗಾಲದಲ್ಲಿ ಬಿತ್ತನೆ, ದಸರಾ ರಜಾ ಕಳೆದು ಬಂದ ಕೆಲವು ವಾರಗಳಲ್ಲಿ ಕೊಯ್ಲು. ಒಂದು ಗುಂಟೆಯನ್ನು ಕೂರಿಗೆಯ ಸಾಲಿನಲ್ಲಿಯೂ ಇನ್ನೊಂದನ್ನು ಹಾವೇರಿ ಸೀಮೆಯಲ್ಲಿ ರೂಢಿಯಲ್ಲಿರುವ ಗುಳಿ ಪದ್ಧತಿಯಲ್ಲಿಯೂ ಬೆಳೆಸಿ ಹೋಲಿಸಿ ನೋಡುವಂತೆ ಏರ್ಪಡಿಸತಕ್ಕದ್ದು.

ಮೊದಲು ಬೀಜದ ಪರೀಕ್ಷೆ. 100 ಕಾಳುಗಳನ್ನು ಎಣಿಸಿ ಒದ್ದೆ ಬಟ್ಟೆಯಲ್ಲಿ ಸುತ್ತಿ, ಒಣಗದಂತೆ ನೋಡಿಕೊಂಡು, 8 ನೆಯ ದಿನ ಮೊಳೆತವನ್ನು ಎಣಿಸಬೇಕು. ದೃಢೀಕೃತ ರಾಗಿ ಬೀಜದಲ್ಲಿ 100 ಕ್ಕೆ 75 ಕ್ಕಿಂತ ಕಡಮೆ ಮೊಳೆಯಬಾರದೆಂದು ನಿಯಮವಿದೆ. ಮನೆಯಿಂದ ತಂದ ಬೀಜವನ್ನೂ ಅಂಗಡಿಯಿಂದ ತಂದುದನ್ನೂ ಜೊತೆಯಲ್ಲಿ ಪರೀಕ್ಷಿಸಿದರೆ ಕೆಲವು ವೇಳೆ ಆಶ್ಚರ್ಯ ಕಾದಿರುತ್ತದೆ.

ಎಕರೆಗೆ 5 ಕಿಲೋ ಬೀಜವೆಂದು ಲೆಕ್ಕವಿಟ್ಟರೆ ಕೂರಿಗೆಯ ಗುಂಟೆಗೆ 125 ಗ್ರಾಂ ಬೇಕು. ಸಾವಿರ ರಾಗಿಯ ಕಾಳುಗಳು ಸುಮಾರು 3 ಗ್ರಾಂ ತೂಗುವುವಾದ್ದರಿಂದ ಈ ಬೀಜದಲ್ಲಿ 40 ಸಾವಿರಕ್ಕೂ ಮೇಲ್ಪಟ್ಟು ಕಾಳುಗಳಿರುವುವು. ಗುಳಿಯ ಗುಂಟೆಯಲ್ಲಿಯಾದರೋ ಒಂದೂವರೆ ಅಡಿಗೆ ಒಂದರಂತೆ ಉದ್ದಕ್ಕೂ ಅಡ್ಡಕ್ಕೂ ಗೆರೆ ಎಳೆದು, ಗೆರೆಗಳು ಕೂಡುವ ಕಡೆ ಗುಳಿ ಮಾಡಿ, ಒಂದು ಹಿಡಿ ಗೊಬ್ಬರ ಹಾಕಿ, ಎರಡು ಸಸಿಗಳನ್ನು ನೆಡುವುದು. 33 ಅಡಿಗೆ 22 ಸಾಲು, 22 ನ್ನು 22 ರಿಂದ ಗುಣಿಸಿದರೆ 484 ಗುಳಿ, ಸಸಿಗಳು 968. ಒಂದು ಕಡೆ 40 ಸಾವಿರ ಕಾಳು, ಇನ್ನೊಂದು ಕಡೆ ಸಾವಿರಕ್ಕೆ ಕಡಮೆ ಸಸಿ! ಈ ಎರಡು ಅಂಕಿಗಳನ್ನು ಕರಿಹಲಗೆಯ ಮೇಲೆ ಬರೆದು, ಫಲವೇನಾಗುವುದೆಂದು ಪ್ರತಿಯೊಂದು ಮಗುವೂ ಮುಂಚಿತವಾಗಿ ತನ್ನ ಊಹೆಯನ್ನು ಪುಸ್ತಕದಲ್ಲಿ ಬರೆದಿಡುವಂತೆ ಮಾಡತಕ್ಕದ್ದು. ಸಸಿಗಳು ಬೇರೂರಿದ ಮೇಲೆ ಅವುಗಳ ಮೇಲೆ ಕೊರಡನ್ನು ಎಳೆಯುವುದು ಈ ಪದ್ಧತಿಯ ವಿಶೇಷ. ಬಾಗಿ ನಲುಗಿದ ಸಸಿಯು ಬುಡದಿಂದ ತೆಂಡೆಗಳನ್ನು ಹೆಚ್ಚಾಗಿ ಒಡೆಯುತ್ತದೆ. ಕೊರಡನ್ನು ಕಂಡು ಮಕ್ಕಳು ಹೆದರುವರು. ಒಂದು ಸಾಲನ್ನು ಕೊರಡೆಳೆಯದೆ ಬಿಟ್ಟು ತೆಂಡೆಗಳನ್ನು ಎಣಿಸಿದರೆ ಭಯ ಹೋಗುವುದು.

ಗೊಬ್ಬರವು ಎಕರೆಗೆ 3 ಟನ್ನಿನಂತೆ ಗುಂಟೆಗೆ 75 ಕಿಲೋ. ಇದನ್ನು ಎರಡೂ ಗುಂಟೆಗಳಿಗೆ ಸಮವಾಗಿ ತೂಗಿ ಹಾಕತಕ್ಕದ್ದು. ಒಂದಕ್ಕೆ ಹೆಚ್ಚು ಹಾಕಿ ಆಮೇಲೆ ಪದ್ಧತಿಯನ್ನು ಹೊಗಳುವುದು ಪ್ರಯೋಗವಲ್ಲ.

ಕೊಯ್ಲಿಗೆ ಮುಂಚೆ ಬೆಳೆ ಕಟಾವು ಪ್ರಯೋಗವನ್ನು ಮಾಡಿಸಬೇಕು. 2016 ರಿಂದ ನಡೆದುಬಂದಿರುವ ಫಸಲ್ ಬಿಮಾ ಯೋಜನೆಯಲ್ಲಿ ಗ್ರಾಮ ಪಂಚಾಯಿತಿಯನ್ನು ಘಟಕವಾಗಿ ಇಟ್ಟುಕೊಂಡ ಬೆಳೆಗಳಿಗೆ ಪರಿಹಾರವು ಇಂತಹ ಪ್ರಯೋಗಗಳಿಂದ ಬಂದ ಇಳುವರಿಯ ಮೇಲೆ ನಿಂತಿರುವುದು ಭೂಮಾಲೀಕರಿಗೆ ತಿಳಿದೇ ಇದೆ. ಆದರೆ ಪ್ರಯೋಗ ನಡೆಯುವ ದಿನ ಅದನ್ನು ನಿಂತು ನೋಡಿ ಸರಿಯೆಂದೋ ತಪ್ಪೆಂದೋ ಹೇಳಬಲ್ಲವರು ಊರಿನಲ್ಲಿ ಎಷ್ಟು ಮಂದಿ ಇದ್ದಾರೆ? ಹೊಲದಲ್ಲಿ 5 ಮೀಟರ್ ಚದರದ ತಾಕನ್ನು ಗುರುತಿಸಬೇಕು. ಕರ್ಣಗಳೆರಡೂ 7 ಮೀಟರ್ 7 ಸೆಂಟಿಮೀಟರ್ ಬಂದರೆ ತಾಕು ಸರಿಯಾಗಿದೆ. ತಾಕಿನ ಸ್ಥಳವನ್ನು ಚೀಟಿಯ ಅಂಕಿಯಿಂದ ಗೊತ್ತುಮಾಡಬೇಕೇ ಹೊರತು, ಪೈರು ಸೊಂಪಾಗಿರುವ ಮೂಲೆಯನ್ನಾಗಲಿ ಸೊರಗಿರುವ ಮೂಲೆಯನ್ನಾಗಲಿ ಆರಿಸಬಾರದು. ತಾಕಿನ ಪೈರನ್ನು ಕೊಯ್ದು ಬಡಿದು ತೂರಿ ಒಣಗಿಸಿ ತೂಗಿದ ಕಾಳನ್ನು 162 ರಿಂದ ಗುಣಿಸಿದರೆ ಎಕರೆಯ ಇಳುವರಿ ಬರುವುದು. 5 ಕಿಲೋ ಬಂದರೆ ಎಕರೆಗೆ 810 ಕಿಲೋ. ತಾಕಿನ ಅಳತೆಯಲ್ಲಿ ಅರ್ಧ ಮೀಟರಿನ ತಪ್ಪಾದರೆ ಎಕರೆಯ ಲೆಕ್ಕದಲ್ಲಿ ಎಷ್ಟು ವ್ಯತ್ಯಾಸ ಬರುವುದೆಂಬುದನ್ನು 8 ನೆಯ ತರಗತಿಯ ವಿದ್ಯಾರ್ಥಿಯು ಹಾಕಿ ತೋರಿಸಬಲ್ಲನು. ಇದು ಹಿರಿಯರೂ ಬಂದು ಕುಳಿತು ಕೇಳತಕ್ಕ ಪಾಠ.

ಜಮಾಖರ್ಚಿನ ಪುಸ್ತಕ

ಲೆಕ್ಕದ ಪಾಠಕ್ಕೆ ರಾಗಿಗಿಂತಲೂ ಬೇಗ ಬರುವ ಸೊಪ್ಪಿನ ಬೆಳೆಯು ಅನುಕೂಲ. ಒಂದು ತಂಡವು ಒಂದು ಗುಂಟೆಯಲ್ಲಿ ಹರಿವೆ ಸೊಪ್ಪನ್ನು ಬೆಳೆದಿತೆಂದು ಇಟ್ಟುಕೊಳ್ಳಬಹುದು. ಬೀಜಕ್ಕೆ 20 ರೂಪಾಯಿ, ಗೊಬ್ಬರಕ್ಕೆ 120 ರೂಪಾಯಿ ಕೈಯಿಂದ ಹೋಯಿತು. ಒಟ್ಟು 180 ಕಂತೆ ಸೊಪ್ಪು ಬಂದು, 150 ಕಂತೆಗಳು 5 ರೂಪಾಯಿಯಂತೆ ಮಾರಾಟವಾದವು. 30 ಕಂತೆಗಳನ್ನು ಮಕ್ಕಳು ಮನೆಗೆ ತೆಗೆದುಕೊಂಡು ಹೋದರು. ಬಂದ ಹಣ 750. ಕೊಟ್ಟ ಹಣ 140. ಉಳಿದದ್ದು 610 ರೂಪಾಯಿ. ಮಕ್ಕಳು ಇದನ್ನು ಲಾಭವೆಂದು ಕರೆಯುವರು. ಅವರ ತಂದೆಯರೂ ಹಾಗೆಯೇ ಕರೆಯುವರು.

ಪುಸ್ತಕದಲ್ಲಿ ಬರೆಯತಕ್ಕ ಲೆಕ್ಕವೇ ಬೇರೆ. ಮನೆಗೆ ಹೋದ 30 ಕಂತೆಗಳೂ ಬೆಲೆಯುಳ್ಳವೇ ಆದ್ದರಿಂದ ಜಮಾ ಭಾಗದಲ್ಲಿ 150 ರೂಪಾಯಿ ಸೇರಿ 900 ಆಗುವುದು. ಖರ್ಚಿನಲ್ಲಿ ಬೀಜ ಮತ್ತು ಗೊಬ್ಬರದ 140 ಅಲ್ಲದೆ, ನೆಲದ ಗುತ್ತಿಗೆ ಈ ಅವಧಿಗೆ 40, ನೀರಿಗೆ 30, ಮಕ್ಕಳು ಅಗೆದು ಬಿತ್ತಿ ಕಳೆ ತೆಗೆದು ಕೊಯ್ದು ಕಟ್ಟಿದ 14 ಗಂಟೆಗಳಿಗೆ ಗಂಟೆಗೆ 40 ರಂತೆ 560, ಒಟ್ಟು 770. ನಿಜವಾದ ಲಾಭ 130 ರೂಪಾಯಿ ಮಾತ್ರ. ಸಂತೆಯಲ್ಲಿ ಸೊಪ್ಪು ಹೆಚ್ಚಾಗಿ ಬಂದು ಕಂತೆಗೆ 3 ರೂಪಾಯಿ ಆದರೆ ಜಮಾ 540 ಕ್ಕೆ ಇಳಿದು 230 ರೂಪಾಯಿ ನಷ್ಟ. ಕೈಯಲ್ಲಿ ಹಣವಿರುವಾಗಲೂ ನಷ್ಟವಾಗಿರಬಹುದೆಂಬ ಮಾತು ವಿದ್ಯಾರ್ಥಿಗೆ ಮೊದಲು ನಂಬಿಕೆಯಾಗುವುದಿಲ್ಲ; ತನ್ನ 14 ಗಂಟೆಗಳ ದುಡಿಮೆಯು ಎಲ್ಲಿ ಹೋಯಿತೆಂದು ಅವನು ಪುಸ್ತಕದಲ್ಲಿ ಹುಡುಕುವ ದಿನವೇ ಪಾಠವು ತಲೆಗೆ ಹತ್ತಿದ ದಿನ. ಇಲ್ಲಿಂದ ಮುಂದಿನ ಪ್ರಶ್ನೆಗಳು ತಾವಾಗಿಯೇ ಏಳುವುವು. 14 ಗಂಟೆಗಳ ಕೆಲಸವನ್ನು 10 ಗಂಟೆಗಳಲ್ಲಿ ಮಾಡುವುದು ಹೇಗೆ? ಎಲ್ಲವನ್ನೂ ಒಂದೇ ದಿನ ಬಿತ್ತುವುದಕ್ಕೆ ಬದಲು ವಾರಕ್ಕೊಂದು ಮಡಿಯಂತೆ ಬಿತ್ತಿದರೆ ಬೆಲೆ ನಿಲ್ಲುವುದೇ?

ದುಡಿಮೆಯ ಗಂಟೆಗಳನ್ನು ಆಯಾ ದಿನವೇ ಬರೆಯಬೇಕು. ವಾರದ ಕೊನೆಯಲ್ಲಿ ನೆನಪಿನಿಂದ ಬರೆದ ಲೆಕ್ಕವು ಕಥೆಯಾಗುವುದು.

ಮಾರಾಟದಲ್ಲಿ ಮಕ್ಕಳೇ ಸಂತೆಗೆ ಕುಳಿತು ತೂಗಿ ಕೊಡುವುದು ಒಳ್ಳೆಯದು. ಅಕ್ಷರ ದಾಸೋಹದ ಅಡಿಗೆಮನೆಗೆ ತರಕಾರಿಯನ್ನು ಕೊಟ್ಟಾಗಲೂ ಆ ದಿನದ ಸಂತೆಯ ದರದಲ್ಲಿ ಬೆಲೆ ಕಟ್ಟಿ ಬರೆಯತಕ್ಕದ್ದು. ಕೋಲಾರ ಸೀಮೆಯ ಶಾಲೆಗಳವರು ಅಲ್ಲಿನ ಮಾರುಕಟ್ಟೆಯಲ್ಲಿ ಟೊಮಾಟೊ ಹರಾಜನ್ನು ಬೆಳಗಿನಲ್ಲಿ ಹೋಗಿ ನೋಡಬಹುದು. ಅಲ್ಲಿ ಹಣ್ಣು ಮಾರಾಟವಾಗುವುದು 15 ಕಿಲೋ ಬಾಕ್ಸಿನ ಲೆಕ್ಕದಲ್ಲಿ. 2023 ರ ಜುಲೈಯಲ್ಲಿ ಒಂದು ಬಾಕ್ಸಿನ ಬೆಲೆ 2 ಸಾವಿರ ರೂಪಾಯಿಯನ್ನು ದಾಟಿದ್ದಿತು. ಬೇರೆ ವರ್ಷಗಳಲ್ಲಿ ಬಿಡಿಸಿದ ಕೂಲಿಯೂ ಹುಟ್ಟದೆ ಹಣ್ಣನ್ನು ರಸ್ತೆಗೆ ಸುರಿದದ್ದೂ ಉಂಟು. ಹಿಂದಿನ ವರ್ಷದ ಬೆಲೆಯನ್ನು ನೋಡಿ ಈ ವರ್ಷ ನಾಟಿ ಮಾಡುವವರು ಒಬ್ಬಿಬ್ಬರಲ್ಲ, ಸೀಮೆಗೆ ಸೀಮೆಯೇ. ಪ್ರತಿ ವಾರದ ದರವನ್ನು ಗೆರೆ ಕಾಗದದ ಮೇಲೆ ಗುರುತಿಸುತ್ತಾ ಬಂದ ಮಕ್ಕಳು ಒಂದು ವರ್ಷದಲ್ಲಿ ಇದನ್ನು ಕಣ್ಣಿನಿಂದ ಕಾಣುವರು.

ಊರಿನವರು ಕಾಯತಕ್ಕ ಮರ್ಯಾದೆಗಳು

ಮಕ್ಕಳ ಶ್ರಮವು ಪಾಠವೋ ಕೂಲಿಯೋ ಎಂಬುದಕ್ಕೆ ಗೆರೆಯು ತೆಳುವಾದುದು. ಮುಖ್ಯೋಪಾಧ್ಯಾಯರ ಮನೆಯ ಹಿತ್ತಲನ್ನು ಅಗೆಯುವುದು, ನೆಲ ಕೊಟ್ಟ ಮಾಲೀಕರ ಹೊಲದಲ್ಲಿ ಕೊಯ್ಲಿನ ದಿನ ನೆರವಾಗುವುದು, ಇವು ಹೆಸರಿಗೆ ಪಾಠವಾದರೂ ಬಿಟ್ಟಿಯೇ. 2016 ರಲ್ಲಿ ತಿದ್ದುಪಡಿಯಾದ ಬಾಲಕಾರ್ಮಿಕ ಕಾನೂನಿನಂತೆ 14 ವರ್ಷ ತುಂಬದ ಮಕ್ಕಳನ್ನು ಯಾವ ಉದ್ಯೋಗದಲ್ಲಿಯೂ ಕೆಲಸಕ್ಕೆ ಹಚ್ಚಕೂಡದು. ಶಾಲೆಯ ವೇಳೆಯ ಹೊರಗೆ, ಅಪಾಯವಿಲ್ಲದ ಕೆಲಸದಲ್ಲಿ, ತಮ್ಮ ಮನೆಯವರಿಗೆ ನೆರವಾಗುವುದಕ್ಕೆ ವಿನಾಯಿತಿಯುಂಟು. ಶಾಲೆಯ ಗುಂಟೆಯ ಉತ್ಪನ್ನವು ಮಕ್ಕಳ ತಂಡಕ್ಕೆ ಸೇರಿದ್ದೆಂದೂ, ಅದರಲ್ಲಿ ಇಷ್ಟು ಭಾಗ ಮುಂದಿನ ವರ್ಷದ ಬೀಜ ಗೊಬ್ಬರಕ್ಕೆಂದೂ ಮೊದಲೇ ಬರೆದು ಗೋಡೆಗೆ ಹಚ್ಚಿದರೆ ಬಹಳ ಸಂದೇಹಗಳು ನಿವಾರಣೆಯಾಗುವುವು.

ಕೀಟನಾಶಕಗಳನ್ನು ಮಕ್ಕಳ ಕೈಗೆ ಕೊಡಲೇಬಾರದು, ಡಬ್ಬವನ್ನು ತೊಳೆಯಿಸಲೂ ಬಾರದು. ಕಲಿಸಬೇಕಾದದ್ದು ಡಬ್ಬದ ಮೇಲಿನ ಗುರುತನ್ನು: ಕೆಂಪು ತ್ರಿಕೋನವು ಅತ್ಯಂತ ವಿಷಕಾರಿ, ಅನಂತರ ಹಳದಿ, ನೀಲಿ, ಹಸುರು ಎಂಬ ಕ್ರಮದಲ್ಲಿ ವಿಷವು ಕಡಮೆಯಾಗುತ್ತಾ ಹೋಗುವುದು. ಓದಲು ಬಾರದ ತಂದೆಗೆ ಈ ಬಣ್ಣಗಳ ಅರ್ಥವನ್ನು ಮಗಳು ಹೇಳಿದರೆ ಅದೊಂದೇ ವಿಷಯಕ್ಕಾಗಿ ಈ ಪಾಠವನ್ನು ನಡೆಸಬಹುದು.

ಇನ್ನೊಂದು ಸಂಗತಿಯನ್ನು ಗ್ರಾಮದ ಮುಖ್ಯಸ್ಥರು ಸ್ವತಃ ಗಮನಿಸಬೇಕಾಗಿದೆ. ಗೊಬ್ಬರದ ಮಂಕರಿಯನ್ನು ಹೊರುವುದು ಯಾವಾಗಲೂ ಒಂದೇ ಕೇರಿಯ ಮಕ್ಕಳ ಪಾಲಿಗೆ, ಪುಸ್ತಕ ಬರೆಯುವುದು ಇನ್ನೊಂದು ಕೇರಿಯವರ ಪಾಲಿಗೆ, ನೀರು ಸೇದುವುದೂ ಗುಡಿಸುವುದೂ ಹುಡುಗಿಯರ ಪಾಲಿಗೆ ಬೀಳುವುದಾದರೆ, ಆ ಹೊಲದಲ್ಲಿ ಬೆಳೆಯುವುದು ರಾಗಿಯಲ್ಲ. ಕೆಲಸಗಳನ್ನು ವಾರಕ್ಕೊಮ್ಮೆ ಬದಲಾಯಿಸುವ ಪಟ್ಟಿಯೊಂದು ಇರತಕ್ಕದ್ದು. ದೊಡ್ಡ ಹಿಡುವಳಿದಾರರು ತಮ್ಮ ಮಗನ ಸರದಿಯ ದಿನ ಅವನ ತಲೆಯ ಮೇಲೆ ಮಂಕರಿಯಿರುವುದನ್ನು ಕಂಡು ಉಪಾಧ್ಯಾಯರಿಗೆ ಹೇಳಿಕಳುಹಿಸದೆ ಇದ್ದರೆ, ಅದು ಅವರು ಕೊಟ್ಟ 10 ಗುಂಟೆ ನೆಲಕ್ಕಿಂತಲೂ ದೊಡ್ಡ ಉಪಕಾರ.

ಉಪಾಧ್ಯಾಯರ ವರ್ಗಾವಣೆಯಿಂದ ಒಳ್ಳೆಯ ಶಾಲಾ ತೋಟಗಳು ಒಂದೇ ವರ್ಷದಲ್ಲಿ ಹಾಳಾಗುತ್ತವೆ. ಊರಿನಲ್ಲಿ ಕೈಗುಣವುಳ್ಳ ಒಬ್ಬ ಹಿರಿಯ ರೈತನನ್ನೂ ಒಬ್ಬ ರೈತ ಮಹಿಳೆಯನ್ನೂ ಹೊಲದ ಹಿರಿಯರನ್ನಾಗಿ ಗೊತ್ತುಮಾಡಿಕೊಂಡರೆ ಕೆಲಸವು ಉಪಾಧ್ಯಾಯರೊಬ್ಬರ ಮೇಲೆ ನಿಲ್ಲುವುದಿಲ್ಲ. ಕೃಷಿ ವಿಶ್ವವಿದ್ಯಾನಿಲಯಗಳ ಕೊನೆಯ ವರ್ಷದ ವಿದ್ಯಾರ್ಥಿಗಳು ಗ್ರಾಮೀಣ ಕಾರ್ಯಾನುಭವಕ್ಕಾಗಿ ಹಳ್ಳಿಗಳಲ್ಲಿ ಬಂದು ತಂಗುವರು. ದೇವಸ್ಥಾನದ ಮುಂದೆ ರಂಗೋಲಿಯಲ್ಲಿ ಊರಿನ ನಕ್ಷೆಯನ್ನು ಬರೆಯುವುದನ್ನು ಅನೇಕ ಮುಖ್ಯಸ್ಥರು ನೋಡಿರಬಹುದು. ಅವರನ್ನು ಶಾಲೆಯ ಹೊಲಕ್ಕೂ ಕರೆದುಕೊಂಡು ಹೋಗುವುದು ಎರಡು ಪಕ್ಷಕ್ಕೂ ಲಾಭ. ದಸರಾ ರಜೆಯಲ್ಲಿ ನೀರು ಹಾಯಿಸುವವರು ಯಾರೆಂಬುದನ್ನು ಜೂನ್ ತಿಂಗಳಲ್ಲಿಯೇ ಬರೆದಿಡತಕ್ಕದ್ದು.

ಕೊಯ್ಲಾದ ಮೇಲಿನ ಗ್ರಾಮ ಸಭೆಯಲ್ಲಿ ಪ್ರತಿ ತಂಡದವರೂ ತಮ್ಮ ಗುಂಟೆಯ ಜಮಾಖರ್ಚನ್ನು ಗಟ್ಟಿಯಾಗಿ ಓದಲಿ. ನಷ್ಟವಾದ ತಂಡವು ಮೊದಲು ಓದಲಿ, ಏಕೆಂದರೆ ಕೇಳುವವರಿಗೆ ಪ್ರಶ್ನೆಗಳಿರುವುದು ಅಲ್ಲಿಯೇ. ಓದಿದ ಪುಸ್ತಕಗಳನ್ನು ಮಕ್ಕಳಿಗೆ ಹಿಂದಕ್ಕೆ ಕೊಡದೆ, ವರ್ಷವನ್ನೂ ಗುಂಟೆಯ ಸಂಖ್ಯೆಯನ್ನೂ ಮೇಲೆ ಬರೆದು ಶಾಲೆಯ ಬೀರುವಿನಲ್ಲಿ ಇಡತಕ್ಕದ್ದು. ಮುಂದಿನ ಜೂನ್ ತಿಂಗಳಲ್ಲಿ ಅದೇ ಗುಂಟೆಗೆ ಬರುವ ಹೊಸ ತಂಡವು ಗುದ್ದಲಿಯನ್ನು ಹಿಡಿಯುವ ಮುಂಚೆ ಆ ಪುಸ್ತಕವನ್ನು ಓದಬೇಕು.